ಸೇನೆಯಲ್ಲಿ ಅಪಘಾತವಾದ ಮೇಲೆ: ಕೋರ್ಟ್ ಆಫ್ ಎನ್‌ಕ್ವೈರಿಯಿಂದ ಪಿಂಚಣಿಯವರೆಗೆ

ಮಗ ಟ್ರಕ್ ಉರುಳಿ ತೀರಿಕೊಂಡ, ಗಂಡನಿಗೆ ಫೈರಿಂಗ್ ರೇಂಜಿನಲ್ಲಿ ಪೆಟ್ಟಾಯಿತು, ತಮ್ಮ ರಜೆ ಮುಗಿಸಿ ಹೊರಟವನು ರೈಲಿನಿಂದ ಬಿದ್ದ. ಓದುಗರ ಪತ್ರಗಳಲ್ಲಿ ಘಟನೆ ಬೇರೆಬೇರೆ ಇರುತ್ತದೆ, ಪ್ರಶ್ನೆ ಮಾತ್ರ ಒಂದೇ: "ಎನ್‌ಕ್ವೈರಿ ನಡೀತಾ ಇದೆ ಅಂತಾರೆ. ಅದು ಏನು, ನಾವೇನು ಮಾಡಬೇಕು?" ಸೇವೆಯಲ್ಲಿರುವ ಹುಡುಗರು ಕೇಳುವುದು ಇದೇ ಪ್ರಶ್ನೆಯ ಇನ್ನೊಂದು ಮುಖ: "ನನ್ನನ್ನು ಸಾಕ್ಷಿ ಅಂತ ಕರೆದಿದ್ದಾರೆ. ಸಹಿ ಹಾಕಲೋ ಬೇಡವೋ?" ಇಬ್ಬರಿಗೂ ಸೇರಿಸಿ ಇಲ್ಲಿ ಬರೆದಿದೆ.

ಮೊದಲೇ ತಿಳಿದಿರಬೇಕಾದ್ದು ಒಂದಿದೆ. ಒಂದು ಅಪಘಾತಕ್ಕೆ ಮೂರು ಕಡತಗಳು ಹುಟ್ಟುತ್ತವೆ. ಮೊದಲನೆಯದು ಸೇನೆಯ ಒಳಗಿನ ತನಿಖೆ, ಅಂದರೆ ಕೋರ್ಟ್ ಆಫ್ ಎನ್‌ಕ್ವೈರಿ, ಎರಡನೆಯದು ಪೊಲೀಸರದು, ಮೂರನೆಯದು ಪಿಂಚಣಿಯದು. ಕಡತಗಳು ಮೂರಾದರೂ, ಮೂರನೆಯದರ ತೀರ್ಮಾನ ಹೆಚ್ಚುಕಡಿಮೆ ಮೊದಲನೆಯದರ ಒಂದೆರಡು ಸಾಲಿನ ಮೇಲೆ ನಿಂತಿರುತ್ತದೆ: ಘಟನೆ ನಡೆದಾಗ ಆತ ಡ್ಯೂಟಿಯಲ್ಲಿದ್ದನೇ, ತಪ್ಪು ಆತನದೇ? ಮನೆಯವರು ಸಾಮಾನ್ಯವಾಗಿ ಎಚ್ಚೆತ್ತುಕೊಳ್ಳುವುದು ಪಿಂಚಣಿ ನಿರಾಕರಣೆಯ ಪತ್ರ ಬಂದ ಮೇಲೆ. ಅಷ್ಟರಲ್ಲಿ ಆ ಸಾಲುಗಳನ್ನು ಬರೆದು ವರ್ಷ ಕಳೆದಿರುತ್ತದೆ.

ಈ ಮಾರ್ಗದರ್ಶಿ ಭೂಸೇನೆ, ನೌಕಾಪಡೆ, ವಾಯುಪಡೆಗಳಿಗೆ ಮಾತ್ರ. ಸಿಆರ್‌ಪಿಎಫ್, ಬಿಎಸ್‌ಎಫ್, ಐಟಿಬಿಪಿ, ಸಿಐಎಸ್‌ಎಫ್ ಗೃಹ ಸಚಿವಾಲಯದ ಪಡೆಗಳು. ಅವುಗಳ ಕಾಯ್ದೆ, ಪಿಂಚಣಿ ನಿಯಮ, ಮೇಲ್ಮನವಿಯ ದಾರಿ ಎಲ್ಲವೂ ಬೇರೆ. ಊರಿನಲ್ಲಿ ಎಲ್ಲರನ್ನೂ "ಮಿಲಿಟರಿ" ಎಂದೇ ಕರೆಯುತ್ತೇವೆ, ಕಡತ ಹಾಗೆ ಕರೆಯುವುದಿಲ್ಲ.

ಸುರಕ್ಷತೆಯ ಹೊಣೆ ಯಾರದು

ಸೈನ್ಯದ ಸುರಕ್ಷತೆಗೆಲ್ಲ ಒಂದೇ ಸ್ವತಂತ್ರ ಪ್ರಾಧಿಕಾರ ಎಂಬುದು ನಮ್ಮಲ್ಲಿಲ್ಲ. ಕೆಲಸ ಹಂಚಿಹೋಗಿದೆ. ಮಿಲಿಟರಿ ವಿಮಾನ, ಹೆಲಿಕಾಪ್ಟರುಗಳ ವಿನ್ಯಾಸ ಹಾರಾಟಕ್ಕೆ ಯೋಗ್ಯ ಎಂದು ಪ್ರಮಾಣೀಕರಿಸುವುದು ಬೆಂಗಳೂರಿನ ಸೆಮಿಲ್ಯಾಕ್, ಅಂದರೆ ಡಿಆರ್‌ಡಿಒ ಕೆಳಗಿನ ವಾಯುಯೋಗ್ಯತಾ ಸಂಸ್ಥೆ. ತಯಾರಿಕೆಯ ಗುಣಮಟ್ಟ ನೋಡುವುದು ಡಿಜಿಎಕ್ಯುಎ, ಅಂದರೆ ವಾಯುಯಾನ ಗುಣಮಟ್ಟ ಖಾತರಿ ನಿರ್ದೇಶನಾಲಯ. ಪೈಲಟ್‌ನ ದೇಹ, ಮನಸ್ಸು, ಎತ್ತರದ ಪರಿಣಾಮ ಇವುಗಳ ಪರಿಣತಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನದು. ಮದ್ದುಗುಂಡುಗಳನ್ನು ಎಷ್ಟು ದೂರದಲ್ಲಿ, ಯಾವುದರ ಜೊತೆ ಯಾವುದನ್ನು ಇಡಬಾರದು ಎಂಬುದನ್ನು ಸ್ಟೆಕ್ ಎಂಬ ಸ್ಫೋಟಕ ಸಂಗ್ರಹ ಮತ್ತು ಸಾಗಣೆ ಸಮಿತಿ ನಿಗದಿ ಮಾಡುತ್ತದೆ. ದಿನನಿತ್ಯದ ಹಾರಾಟ, ಚಾಲನೆ, ಫೈರಿಂಗ್‌ಗಳ ಸುರಕ್ಷತೆ ಆಯಾ ಪಡೆಯ ತಪಾಸಣಾ ವಿಭಾಗದ್ದು, ಕೊನೆಗೆ ಆ ಯೂನಿಟ್ಟಿನ ಕಮಾಂಡಿಂಗ್ ಆಫೀಸರ್ ಅಥವಾ ಸಿಒ ಅವರದು.

ಇಲ್ಲೇ ಒಂದು ತೊಡಕು. ನಿಯಮ ಮಾಡುವುದು, ಪಾಲಿಸುವುದು, ಮುರಿದಾಗ ತನಿಖೆ ಮಾಡುವುದು ಮೂರೂ ಒಂದೇ ಸಮವಸ್ತ್ರದವರ ಕೆಲಸ. ಬ್ರಿಟನ್ ಇದನ್ನು ಪೆಟ್ಟು ತಿಂದ ಮೇಲೆ ಬದಲಿಸಿಕೊಂಡಿತು. 2006ರ ಸೆಪ್ಟೆಂಬರ್ 2ರಂದು ಅಫ್ಘಾನಿಸ್ತಾನದಲ್ಲಿ ಅವರ ನಿಮ್ರೋಡ್ ವಿಮಾನಕ್ಕೆ ಆಕಾಶದಲ್ಲೇ ಬೆಂಕಿ ಬಿದ್ದು 14 ಮಂದಿ ಸತ್ತರು. 2009ರಲ್ಲಿ ಬಂದ ಪರಾಮರ್ಶೆ, ಸುರಕ್ಷತಾ ದಾಖಲೆಯೇ ಬರೀ ಕಾಗದದ ಕಸರತ್ತಾಗಿತ್ತು ಎಂದು ಕಟುವಾಗಿ ಹೇಳಿತು. ಮರುವರ್ಷವೇ ಪ್ರತ್ಯೇಕ ಮಿಲಿಟರಿ ವಾಯುಯಾನ ಪ್ರಾಧಿಕಾರ ಬಂತು. ಈಗ ಅಲ್ಲಿ ದೊಡ್ಡ ಅಪಘಾತಗಳ ತನಿಖಾ ವರದಿಗಳನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತಾರೆ. ಅಮೆರಿಕದ ವಾಯುಪಡೆಯದು ಇನ್ನೊಂದು ಉಪಾಯ. ಅಲ್ಲಿ ಒಂದೇ ಅಪಘಾತಕ್ಕೆ ಎರಡು ಮಂಡಳಿಗಳು ಕೂರುತ್ತವೆ: ಒಂದು ಸುರಕ್ಷತೆಗೆ, ಅದರಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ; ಇನ್ನೊಂದು ಜನರ ಮುಂದಿಡುವ ವರದಿಗೆ. ನಮ್ಮಲ್ಲಿ ಕಾರಣ ಹುಡುಕುವುದಕ್ಕೂ ಹೊಣೆ ಹೊರಿಸುವುದಕ್ಕೂ ಕೂರುವುದು ಸಾಮಾನ್ಯವಾಗಿ ಒಂದೇ ಕೋರ್ಟ್ ಆಫ್ ಎನ್‌ಕ್ವೈರಿ. ಸಾಕ್ಷಿಗಳು ಬಾಯಿ ಬಿಡಲು ಹಿಂಜರಿಯುವುದು ಇದರಿಂದಲೇ ಎಂಬುದು ನಮ್ಮ ಅಭಿಪ್ರಾಯ.

ನಾಗರಿಕ ವಿಮಾನ ಬಿದ್ದರೆ ತನಿಖೆ ಮಾಡುವುದು ವಿಮಾನ ಅಪಘಾತ ತನಿಖಾ ಬ್ಯೂರೋ. 2025ರ ಜೂನ್ 12ರ ಅಹಮದಾಬಾದ್ ದುರಂತದ ಪ್ರಾಥಮಿಕ ವರದಿ ಒಂದು ತಿಂಗಳಲ್ಲಿ ಎಲ್ಲರ ಕೈಗೆ ಸಿಕ್ಕಿತು. ವಾಯುಪಡೆಯ ವಿಮಾನ ಬಿದ್ದಾಗಲೂ ಹಾಗೇ ಸಿಗುತ್ತದೆ ಎಂದು ಕಾಯಬೇಡಿ. ಆ ಬ್ಯೂರೋಗೆ ಮಿಲಿಟರಿ ವಿಮಾನದ ಮೇಲೆ ಅಧಿಕಾರವಿಲ್ಲ.

ಹಂತ 1: ಮೊದಲ ವಾರದಲ್ಲಿ ಕೂಡಿಡಬೇಕಾದ ಕಾಗದಗಳು

ಸುದ್ದಿ ಬಂದ ಕೂಡಲೇ ಯಾರಿಗೂ ಕಾಗದದ ಯೋಚನೆ ಬರುವುದಿಲ್ಲ, ಬರಬೇಕೆಂದೂ ಇಲ್ಲ. ಮನೆಯಲ್ಲಿ ಸ್ವಲ್ಪ ಗಟ್ಟಿಯಾಗಿರುವ ಒಬ್ಬರಿಗೆ ಈ ಕೆಲಸ ವಹಿಸಿ. ಒಂದು ನೋಟ್‌ಬುಕ್ ತೆಗೆದು, ಯೂನಿಟ್ಟಿನಿಂದ ಯಾರು ಯಾವಾಗ ಫೋನ್ ಮಾಡಿದರು, ಏನು ಹೇಳಿದರು ಎಂದು ದಿನಾಂಕ ಸಮೇತ ಬರೆಯುತ್ತಾ ಹೋಗಲಿ. ಹುದ್ದೆ ಮತ್ತು ಹೆಸರು ಎರಡನ್ನೂ ಕೇಳಿ ಬರೆದುಕೊಳ್ಳಬೇಕು.

ಬೇಕಾಗುವ ದಾಖಲೆಗಳು ಇವು:

- ಸೈನಿಕನ ಆರ್ಮಿ ನಂಬರ್, ರ‍್ಯಾಂಕ್, ಯೂನಿಟ್, ರೆಕಾರ್ಡ್ ಆಫೀಸಿನ (ಸೈನಿಕರ ಸೇವಾ ದಾಖಲೆ ಇಡುವ ಕಚೇರಿ) ಹೆಸರು
- ಪ್ರಯಾಣದಲ್ಲಿದ್ದರೆ ಮೂವ್‌ಮೆಂಟ್ ಆರ್ಡರ್ (ಎಲ್ಲಿಂದ ಎಲ್ಲಿಗೆ, ಯಾವ ಕೆಲಸಕ್ಕೆ ಕಳಿಸಿದರು ಎಂಬ ಆದೇಶ), ರೈಲ್ವೆ ವಾರೆಂಟ್ ಅಥವಾ ಟಿಕೆಟ್
- ರಜೆಯಲ್ಲಿದ್ದರೆ ಲೀವ್ ಸರ್ಟಿಫಿಕೇಟ್
- ಗಾಯದ ವರದಿ, ಅಂದರೆ ಐಎಎಫ್‌ವೈ-2006 ಎಂಬ ನಮೂನೆ
- ಎಫ್‌ಐಆರ್ ಅಥವಾ ಅಸ್ವಾಭಾವಿಕ ಸಾವಿನ ವರದಿ, ಶವಪಂಚನಾಮೆ, ಶವಪರೀಕ್ಷಾ ವರದಿ
- ಆಸ್ಪತ್ರೆಯ ಕೇಸ್ ಶೀಟ್, ಡಿಸ್ಚಾರ್ಜ್ ಸಮ್ಮರಿ

ಇವುಗಳಲ್ಲಿ ತಪ್ಪಿಹೋಗುವುದು ಸಾಮಾನ್ಯವಾಗಿ ಮೂವ್‌ಮೆಂಟ್ ಆರ್ಡರ್ ಮತ್ತು ಟಿಕೆಟ್. ಆತನ ಅಂಗಿ ಜೇಬು, ಪರ್ಸು, ಬ್ಯಾಗು ಮನೆಗೆ ಬಂದಾಗ ಒಗೆಯುವ ಮುನ್ನ ಹುಡುಕಿ. ವಾಟ್ಸಾಪಿನಲ್ಲಿ "ಹೊರಟೆ" ಎಂದು ಕಳಿಸಿದ ಸಂದೇಶ, ಟಿಕೆಟ್ಟಿನ ಎಸ್ಸೆಮ್ಮೆಸ್ ಅಳಿಸಬೇಡಿ. ಡ್ಯೂಟಿಯಲ್ಲಿದ್ದ ಎಂದು ತೋರಿಸಲು ಕೆಲವೊಮ್ಮೆ ಅಷ್ಟೇ ಉಳಿದಿರುತ್ತದೆ.

ಹಂತ 2: ಪೊಲೀಸ್ ಕಡತ

ಅಪಘಾತ ದಂಡಿನೊಳಗೆ ಆದರೂ ಅಸ್ವಾಭಾವಿಕ ಸಾವು ಎಂದಮೇಲೆ ಪಂಚನಾಮೆ ಆಗಬೇಕು. ಹಿಂದೆ ಸಿಆರ್‌ಪಿಸಿ 174ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ. "ಸೇನೆಯವರೇ ನೋಡಿಕೊಳ್ಳುತ್ತಾರೆ" ಎಂದು ಇದನ್ನು ಬಿಟ್ಟರೆ ಆಮೇಲೆ ಸ್ವತಂತ್ರ ದಾಖಲೆ ಎಂಬುದೇ ಇರುವುದಿಲ್ಲ. ಬೇರೆ ರಾಜ್ಯದಲ್ಲಿ ನಡೆದಿದ್ದರೆ ಕಾಗದಗಳು ಅಲ್ಲಿನ ಭಾಷೆಯಲ್ಲಿರುತ್ತವೆ. ಮೂಲದ ದೃಢೀಕೃತ ಪ್ರತಿ ತರಿಸಿ, ಅನುವಾದ ಆಮೇಲೆ ಮಾಡಿಸಬಹುದು.

ರಸ್ತೆ ಅಪಘಾತವಾದರೆ ಇನ್ನೊಂದು ಹಕ್ಕು ಇದೆ: ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಪ್ರಕಾರ ಪರಿಹಾರದ ಅರ್ಜಿ. ಇದನ್ನು ಅಪಘಾತವಾದ ಊರಿನಲ್ಲೇ ಹಾಕಬೇಕಿಲ್ಲ, ನೀವು ವಾಸವಿರುವ ಜಾಗದ ನ್ಯಾಯಮಂಡಳಿಯಲ್ಲೂ ಹಾಕಬಹುದು. ಪಂಜಾಬಿನಲ್ಲಿ ಅಪಘಾತವಾಗಿದ್ದರೂ ಧಾರವಾಡದವರು ಧಾರವಾಡದಲ್ಲೇ ಹಾಕಲು ಅಡ್ಡಿಯಿಲ್ಲ. ಆದರೆ 2022ರ ಏಪ್ರಿಲ್ 1ರಿಂದ ಅಪಘಾತದ ದಿನದಿಂದ 6 ತಿಂಗಳ ಗಡುವು ಬಂದಿದೆ. ಸೇನೆಯ ಎನ್‌ಕ್ವೈರಿ ಮುಗಿಯಲಿ ಎಂದು ಕಾದು ಈ ಗಡುವು ಕಳೆದುಕೊಂಡವರು ಕಡಿಮೆ ಇಲ್ಲ. ಎರಡಕ್ಕೂ ಸಂಬಂಧವಿಲ್ಲ, ಅದು ನಡೆಯುತ್ತಿರಲಿ, ಇದನ್ನು ಹಾಕಿ.

ಎದುರಿನ ವಾಹನದ ತಪ್ಪಾಗಿದ್ದರೆ ಅದರ ಮಾಲೀಕ, ವಿಮಾ ಕಂಪನಿ ಪ್ರತಿವಾದಿಗಳು. ಸೇನೆಯ ವಾಹನದ್ದೇ ತಪ್ಪಾಗಿದ್ದರೆ ವಿಮಾ ಕಂಪನಿಯನ್ನು ಹುಡುಕಿ ಪ್ರಯೋಜನವಿಲ್ಲ. ವಾಣಿಜ್ಯಕ್ಕಲ್ಲದೆ ಬಳಸುವ ಸರ್ಕಾರಿ ವಾಹನಕ್ಕೆ 146ನೇ ಕಲಂ ವಿಮೆಯಿಂದ ವಿನಾಯಿತಿ ಕೊಟ್ಟಿದೆ, ಹಾಗಾಗಿ ಪ್ರತಿವಾದಿ ಭಾರತ ಸರ್ಕಾರವೇ. ಕುಟುಂಬ ಪಿಂಚಣಿ ಬರುತ್ತದಲ್ಲ ಎಂದು ಪರಿಹಾರದಿಂದ ಅದನ್ನು ಕಳೆಯಲಾಗದು ಎಂಬುದು ಹೆಲೆನ್ ರೆಬೆಲ್ಲೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು. ವಕೀಲರಿಗೆ ಅದನ್ನು ನೆನಪಿಸಿ.

ಹಂತ 3: ಕೋರ್ಟ್ ಆಫ್ ಎನ್‌ಕ್ವೈರಿ ಕೂರುವುದು

ಹೆಸರಿನಲ್ಲಿ ಕೋರ್ಟ್ ಇದ್ದರೂ ಇದು ನ್ಯಾಯಾಲಯ ಅಲ್ಲ. ಸಾಕ್ಷ್ಯ ಸಂಗ್ರಹಿಸಿ, ಕೇಳಿದ್ದರೆ ಅಭಿಪ್ರಾಯವನ್ನೂ ಕೊಡುವ ಅಧಿಕಾರಿಗಳ ತಂಡ. ಭೂಸೇನೆಯಲ್ಲಿ ಇದಕ್ಕೆ ಆಧಾರ ಆರ್ಮಿ ರೂಲ್ಸ್ 1954ರ 177ರಿಂದ ಮುಂದಿನ ನಿಯಮಗಳು. ವಾಯುಪಡೆಗೆ ಏರ್ ಫೋರ್ಸ್ ರೂಲ್ಸ್ 1969 ಇದೆ, ನೌಕಾಪಡೆಯಲ್ಲಿ ಬೋರ್ಡ್ ಆಫ್ ಎನ್‌ಕ್ವೈರಿ ಎನ್ನುತ್ತಾರೆ. ಚಿಕ್ಕಪುಟ್ಟ ಗಾಯಕ್ಕೆ ಗಾಯದ ವರದಿಯಷ್ಟೇ ಸಾಕು. ಸಾವು ಅಥವಾ ಗಂಭೀರ ಗಾಯವಾದರೆ ಎನ್‌ಕ್ವೈರಿ ಕೂರಿಸುತ್ತಾರೆ.

ಮೊದಲು ಹೊರಡುವುದು ಕನ್ವೀನಿಂಗ್ ಆರ್ಡರ್, ಅಂದರೆ ತಂಡ ನೇಮಿಸುವ ಆದೇಶ. ಅದರಲ್ಲಿ ಅಧ್ಯಕ್ಷ ಅಧಿಕಾರಿ, ಸದಸ್ಯರು ಮತ್ತು ಯಾವ ಯಾವ ವಿಷಯಕ್ಕೆ ಉತ್ತರ ಹುಡುಕಬೇಕು ಎಂಬ ಪಟ್ಟಿ ಇರುತ್ತದೆ. ಈ ಪಟ್ಟಿಯೇ ಎನ್‌ಕ್ವೈರಿಯ ಗಡಿ. "ವಾಹನದ ಬ್ರೇಕ್ ಸ್ಥಿತಿ" ಪಟ್ಟಿಯಲ್ಲಿಲ್ಲದಿದ್ದರೆ ಬ್ರೇಕ್ ಬಗ್ಗೆ ಯಾರೂ ಕೇಳದೆ ಮುಗಿಯುವ ಸಾಧ್ಯತೆ ಇದೆ. ನಿಮಗೆ ಗೊತ್ತಿರುವ ಸಂಗತಿ ಇದ್ದರೆ ("ಗಾಡಿ ಸರಿಯಿಲ್ಲ ಅಂತ ಎರಡು ಸಲ ಬರೆದುಕೊಟ್ಟಿದ್ದೀನಿ ಅಂದಿದ್ದ"), ಅದನ್ನು ಸಿಒ ಅವರಿಗೆ ನೋಂದಾಯಿತ ಅಂಚೆಯಲ್ಲಿ ಬರೆದು, ಪ್ರತಿಯನ್ನು ರೆಕಾರ್ಡ್ ಆಫೀಸಿಗೂ ಕಳಿಸಿ. ಕುಟುಂಬಕ್ಕೆ ಒಳಗೆ ಕೂರುವ ಹಕ್ಕು ನಿಯಮದಲ್ಲಿಲ್ಲ. ಆದರೆ ಕಡತಕ್ಕೆ ಸೇರಿದ ಪತ್ರವನ್ನು ಮೇಲಿನವರು ನೋಡಿಲ್ಲ ಎನ್ನಲಾಗದು.

ದೊಡ್ಡ ಅಪಘಾತಗಳಲ್ಲಿ ತಂಡಕ್ಕೆ ಬೇರೆ ಪಡೆಯವರೂ ಸೇರುತ್ತಾರೆ. 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ಜನರಲ್ ಬಿಪಿನ್ ರಾವತ್ ಇದ್ದ ಎಂಐ-17ವಿ5 ಹೆಲಿಕಾಪ್ಟರ್ ಬಿದ್ದಾಗ ಏರ್ ಮಾರ್ಷಲ್ ಮಾನವೇಂದ್ರ ಸಿಂಗ್ ನೇತೃತ್ವದಲ್ಲಿ ಮೂರೂ ಪಡೆಗಳ ಜಂಟಿ ಎನ್‌ಕ್ವೈರಿ ಕೂತಿತ್ತು.

ಹಂತ 4: ಸಾಕ್ಷ್ಯ ಬರೆಸುವುದು (ಸೇವೆಯಲ್ಲಿರುವವರು ಇದನ್ನು ನಿಧಾನವಾಗಿ ಓದಿ)

ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಕರೆದು ಹೇಳಿಕೆ ಬರೆಸುತ್ತಾರೆ. ಲಾಗ್‌ಬುಕ್, ಡ್ಯೂಟಿ ರೋಸ್ಟರ್, ವಾಹನದ ಕಾರ್ ಡೈರಿ, ಹವಾಮಾನ ವರದಿ, ಫೋಟೋ, ನಕ್ಷೆ ಎಲ್ಲವನ್ನೂ ಲಗತ್ತಿಸುತ್ತಾರೆ. ವಿಮಾನವಾದರೆ ಫ್ಲೈಟ್ ಡೇಟಾ ರೆಕಾರ್ಡರ್, ಕಾಕ್‌ಪಿಟ್ ಧ್ವನಿ ಮುದ್ರಿಕೆ, ಅವಶೇಷದ ತುಂಡುಗಳ ಲೋಹ ಪರೀಕ್ಷೆ ಸೇರುತ್ತವೆ.

ಹೇಳಿಕೆ ಕೊಡುವಾಗ ಈ ಮೂರರಲ್ಲಿ ತಪ್ಪಬೇಡಿ.

ಕಂಡದ್ದನ್ನು ಹೇಳಿ, ಊಹೆ ಬೇಡ. "ಸ್ಪೀಡಾಗಿ ಬಂದಿರಬೇಕು" ಎಂಬ ಒಂದು ಮಾತು ಸತ್ತ ಗೆಳೆಯನ ಹೆಂಡತಿ ಮಕ್ಕಳ ಪಿಂಚಣಿಗೆ ಕುತ್ತಾಗಬಹುದು. ನೀವು ಸ್ಪೀಡೋಮೀಟರ್ ನೋಡಿದ್ದರೆ ಮಾತ್ರ ಸ್ಪೀಡಿನ ಮಾತು.

ಓದಿ ಹೇಳಿಸಿಕೊಳ್ಳದೆ ಸಹಿ ಮಾಡಬೇಡಿ. ಹೇಳಿಕೆ ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ ಟೈಪ್ ಆಗಿರುತ್ತದೆ. ಅರ್ಥವಾಗದಿದ್ದರೆ "ಸಾಬ್, ನನ್ನ ಭಾಷೆಯವರಿಂದ ಒಮ್ಮೆ ಹೇಳಿಸಿ" ಎಂದು ಕೇಳುವುದರಲ್ಲಿ ಅವಿಧೇಯತೆ ಏನಿಲ್ಲ. ಖಾಲಿ ಹಾಳೆಗೆ, ಪೆನ್ಸಿಲ್‌ನಲ್ಲಿ ಬರೆದದ್ದಕ್ಕೆ ಸಹಿ ಹಾಕಲೇಬೇಡಿ.

ಮೂರನೆಯದು ಆರ್ಮಿ ರೂಲ್ಸ್‌ನ ನಿಯಮ 180. ಎನ್‌ಕ್ವೈರಿಯಲ್ಲಿ ಬರುವ ಸಾಕ್ಷ್ಯ ನಿಮ್ಮ ಚಾರಿತ್ರ್ಯಕ್ಕೋ ಸೈನಿಕ ಗೌರವಕ್ಕೋ ಕುಂದು ತರುವಂತಿದ್ದರೆ, ಎನ್‌ಕ್ವೈರಿ ಮುಗಿಯುವವರೆಗೂ ಹಾಜರಿರುವ, ನಿಮ್ಮ ಮಾತು ಹೇಳುವ, ನಿಮ್ಮ ವಿರುದ್ಧ ಹೇಳಿದವರನ್ನು ಪಾಟಿ ಸವಾಲಿಗೆ ಒಳಪಡಿಸುವ, ನಿಮ್ಮ ಕಡೆಯ ಸಾಕ್ಷಿಗಳನ್ನು ಕರೆಸುವ ಪೂರ್ಣ ಅವಕಾಶ ಕೊಡಲೇಬೇಕು. ವಾಯುಪಡೆಯ ನಿಯಮದಲ್ಲೂ ಇಂಥದ್ದೇ ರಕ್ಷಣೆಯಿದೆ. ಬಹಳಷ್ಟು ಎನ್‌ಕ್ವೈರಿಗಳು ಮುಂದೆ ಎಡವುವುದು ಇಲ್ಲೇ: ಮೊದಲು ಸಾಕ್ಷಿ ಎಂದು ಕರೆಯುತ್ತಾರೆ, ಮಧ್ಯದಲ್ಲಿ ಬೊಟ್ಟು ಅವನ ಕಡೆ ತಿರುಗುತ್ತದೆ, ಆದರೆ 180ನ್ನು ಆಗ ಜಾರಿ ಮಾಡುವುದಿಲ್ಲ. ನಿಮ್ಮ ಕಡೆ ತಿರುಗುತ್ತಿದೆ ಅನ್ನಿಸಿದ ದಿನವೇ "ನನಗೆ ನಿಯಮ 180ರ ಅವಕಾಶ ಬೇಕು" ಎಂದು ಬರೆದು ಕೊಡಿ. ಬಾಯಲ್ಲಿ ಕೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ವಕೀಲರನ್ನು ಒಳಗೆ ಕರೆತರುವ ಹಕ್ಕನ್ನು ಈ ನಿಯಮ ಕೊಡುವುದಿಲ್ಲ, ಹೊರಗೆ ಸಲಹೆ ಪಡೆಯಲು ಯಾರೂ ತಡೆಯಲಾರರು.

ಇಲ್ಲಿ ಹೇಳಿದ್ದನ್ನು ಕೋರ್ಟ್ ಮಾರ್ಷಲ್‌ನಲ್ಲಿ (ಸೇನೆಯೊಳಗಿನ ವಿಚಾರಣಾ ನ್ಯಾಯಾಲಯ) ನನ್ನ ಮೇಲೇ ಬಳಸುತ್ತಾರಾ ಎಂಬುದು ಎಲ್ಲರ ಭಯ. ನಿಯಮ 182ರ ಪ್ರಕಾರ ಎನ್‌ಕ್ವೈರಿಯಲ್ಲಿ ಕೊಟ್ಟ ಹೇಳಿಕೆ ಆ ವ್ಯಕ್ತಿಯ ವಿರುದ್ಧ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಬೇಕೆಂದೇ ಸುಳ್ಳು ಸಾಕ್ಷ್ಯ ನುಡಿದ ಆರೋಪದ ವಿಚಾರಣೆ ಮಾತ್ರ ಇದಕ್ಕೆ ಹೊರತು. ಹಾಗಾಗಿ ಭಯಕ್ಕೆ ಸುಳ್ಳು ಹೇಳುವುದೇ ಎಲ್ಲಕ್ಕಿಂತ ಅಪಾಯದ ದಾರಿ.

ಹಂತ 5: ಫೈಂಡಿಂಗ್ಸ್, ಒಪಿನಿಯನ್, ಡೈರೆಕ್ಷನ್

ಮೂರೂ ಬೇರೆ. ಫೈಂಡಿಂಗ್ಸ್ ಎಂದರೆ ಏನು ನಡೆಯಿತು ಎಂಬ ನಿರ್ಣಯ. ಒಪಿನಿಯನ್ ಎಂದರೆ ಏಕೆ ನಡೆಯಿತು, ಯಾರು ಹೊಣೆ ಎಂದು ತಂಡದ ಅಭಿಪ್ರಾಯ. ಇದು ಮೇಲಿನವರನ್ನು ಕಟ್ಟಿಹಾಕುವುದಿಲ್ಲ. ಡೈರೆಕ್ಷನ್ ಎಂದರೆ ತಂಡವನ್ನು ನೇಮಿಸಿದ ಅಥವಾ ಅವರ ಮೇಲಿನ ಅಧಿಕಾರಿ ಬರೆಯುವ ಆದೇಶ. ಕಡತ ಮೆಟ್ಟಿಲು ಹತ್ತುತ್ತಾ ಒಬ್ಬೊಬ್ಬರ ಟಿಪ್ಪಣಿ ಸೇರಿಸಿಕೊಳ್ಳುತ್ತದೆ, ಪ್ರಶ್ನೆ ಎದ್ದರೆ ಅದೇ ತಂಡವನ್ನು ಮತ್ತೆ ಕೂರಿಸುವುದೂ ಉಂಟು. "ಎನ್‌ಕ್ವೈರಿ ಮುಗಿದಿದೆ, ಮೇಲಿಂದ ಬಂದಿಲ್ಲ" ಎಂದು ಯೂನಿಟ್ಟಿನ ಕ್ಲರ್ಕ್ ಹೇಳುತ್ತಾರಲ್ಲ, ಕಡತ ಆ ಮೆಟ್ಟಿಲ ಮೇಲೆಲ್ಲೋ ಇದೆ ಎಂದರ್ಥ. ಅವರು ಸುಳ್ಳು ಹೇಳುತ್ತಿರುವುದಿಲ್ಲ.

ಗಾಯ ಅಥವಾ ಸಾವಿನ ಪ್ರಕರಣದಲ್ಲಿ ಡ್ಯೂಟಿಯಲ್ಲಿದ್ದರೇ, ತಪ್ಪು ಅವರದೇ ಎಂಬ ಎರಡು ಪ್ರಶ್ನೆಗೆ ಸಿಒ ತಮ್ಮ ಅಭಿಪ್ರಾಯ ಬರೆಯುತ್ತಾರೆ. ನೀವು ಕಡತದ ಪ್ರತಿ ಪಡೆದಾಗ ಮೊದಲು ಹುಡುಕಬೇಕಾದ್ದು ಈ ಪುಟ.

ಒಂದೇ ನಿರ್ಣಯ ಸಾರಾಂಶದಲ್ಲಿ ಹೇಗೆ ಬಣ್ಣ ಬದಲಿಸುತ್ತದೆ ನೋಡಿ. ಕೂನೂರು ದುರಂತದ ಪ್ರಾಥಮಿಕ ನಿರ್ಣಯವನ್ನು ವಾಯುಪಡೆ 2022ರ ಜನವರಿಯಲ್ಲಿ ತಿಳಿಸಿತು. ಯಂತ್ರದೋಷ, ವಿಧ್ವಂಸಕ ಕೃತ್ಯ, ನಿರ್ಲಕ್ಷ್ಯ ಮೂರೂ ಅಲ್ಲ; ಕಣಿವೆಯಲ್ಲಿ ಹವೆ ಅನಿರೀಕ್ಷಿತವಾಗಿ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕಿತು, ಪೈಲಟ್‌ಗೆ ಸ್ಪೇಷಿಯಲ್ ಡಿಸ್‌ಓರಿಯಂಟೇಷನ್ ಆಯಿತು (ಮೇಲು ಕೆಳಗು, ಓರೆ ನೇರ ಯಾವುದೆಂದು ದೇಹಕ್ಕೆ ತಿಳಿಯದಂತಾಗುವುದು), ಸುಸ್ಥಿತಿಯಲ್ಲಿದ್ದ ಹೆಲಿಕಾಪ್ಟರ್ ನೆಲಕ್ಕೆ ಬಡಿಯಿತು ಎಂದಿತ್ತು. 2024ರ ಡಿಸೆಂಬರಿನಲ್ಲಿ ಸಂಸದೀಯ ಸ್ಥಾಯಿ ಸಮಿತಿಯ ವರದಿಯ ಕೋಷ್ಟಕದಲ್ಲಿ ಇದೇ ಅಪಘಾತದ ಮುಂದೆ ಕಂಡದ್ದು "ಮಾನವ ದೋಷ, ವಿಮಾನ ಸಿಬ್ಬಂದಿ" ಎಂಬಷ್ಟೇ. ಮೊದಲನೆಯದರಲ್ಲಿ "ನಿರ್ಲಕ್ಷ್ಯ ಅಲ್ಲ" ಎಂಬ ಮಾತಿತ್ತು, ಕೋಷ್ಟಕದಲ್ಲಿ ಅದಕ್ಕೆ ಜಾಗವಿರಲಿಲ್ಲ. ನಿಮ್ಮ ಕಡತದಲ್ಲೂ ಸಾರಾಂಶ ಓದಿ ಸುಮ್ಮನಾಗಬೇಡಿ, ಒಳಗಿನ ಸಾಕ್ಷ್ಯ ಏನನ್ನುತ್ತದೆ ನೋಡಿ.

ಹಂತ 6: ಎನ್‌ಕ್ವೈರಿ ನಂತರದ ಶಿಸ್ತು ಕ್ರಮ

ಎನ್‌ಕ್ವೈರಿ ಯಾರಿಗೂ ಶಿಕ್ಷೆ ಕೊಡಲಾರದು. ಹೊಣೆ ಕಂಡುಬಂದರೆ ಬೇರೆ ಪ್ರಕ್ರಿಯೆ ಶುರುವಾಗುತ್ತದೆ: ಎಚ್ಚರಿಕೆ, ಆಡಳಿತಾತ್ಮಕ ಕ್ರಮ, ಕೋರ್ಟ್ ಮಾರ್ಷಲ್. ಕೋರ್ಟ್ ಮಾರ್ಷಲ್‌ಗೆ ಆರ್ಮಿ ಆ್ಯಕ್ಟ್ 122ನೇ ಕಲಂ 3 ವರ್ಷದ ಮಿತಿ ಹಾಕಿದೆ. ಎಲ್ಲವೂ ಕೋರ್ಟ್ ಮಾರ್ಷಲ್ ದಾರಿಯಲ್ಲೇ ಹೋಗಬೇಕೆಂದಿಲ್ಲ. 2022ರ ಮಾರ್ಚ್ 9ರಂದು ಬ್ರಹ್ಮೋಸ್ ಕ್ಷಿಪಣಿ ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದಲ್ಲಿ ಬಿತ್ತು. ಕಾರ್ಯವಿಧಾನದಿಂದ ಸರಿದದ್ದೇ ಕಾರಣವೆಂದು ಎನ್‌ಕ್ವೈರಿ ಹೇಳಿತು. ಆಗಸ್ಟ್‌ನಲ್ಲಿ ಮೂವರು ಅಧಿಕಾರಿಗಳನ್ನು ಕೋರ್ಟ್ ಮಾರ್ಷಲ್ ಇಲ್ಲದೆಯೇ ಸೇವೆಯಿಂದ ತೆಗೆದರು.

ಹಂತ 7: ಕಡತದ ಪ್ರತಿ ಪಡೆಯುವುದು

ನಿಯಮ 184ರಲ್ಲಿ ಪ್ರತಿ ಪಡೆಯುವ ಹಕ್ಕು ಇರುವುದು ಕೋರ್ಟ್ ಮಾರ್ಷಲ್ ಎದುರಿಸುವವರಿಗೆ, ಎನ್‌ಕ್ವೈರಿಯಿಂದ ಗೌರವಕ್ಕೆ ಧಕ್ಕೆಯಾದವರಿಗೆ. ಅದೂ ಅವರಿಗೆ ಸಂಬಂಧಿಸಿದ ಹೇಳಿಕೆ, ದಾಖಲೆಗಳು ಮಾತ್ರ. ಮೃತರ ಮನೆಯವರ ಹೆಸರು ಅಲ್ಲಿಲ್ಲ. ಹಾಗಾದರೆ ದಾರಿ?

ಮೊದಲು ಯೂನಿಟ್ ಮತ್ತು ರೆಕಾರ್ಡ್ ಆಫೀಸಿಗೆ ಸಾದಾ ಅರ್ಜಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕು. "ಸೈನ್ಯಕ್ಕೆ ಆರ್‌ಟಿಐ ಅನ್ವಯಿಸುವುದಿಲ್ಲ" ಎಂಬ ಮಾತನ್ನು ನಂಬಬೇಡಿ. ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ವಿನಾಯಿತಿ ಪಡೆದ ಪಟ್ಟಿಯಲ್ಲಿ ಬಿಎಸ್‌ಎಫ್, ಸಿಆರ್‌ಪಿಎಫ್, ಅಸ್ಸಾಂ ರೈಫಲ್ಸ್, ಡಿಆರ್‌ಡಿಒ ಇವೆ. ಭೂಸೇನೆ, ನೌಕಾಪಡೆ, ವಾಯುಪಡೆ ಇಲ್ಲ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ, ಮೊದಲ ಮೇಲ್ಮನವಿಗೆ ಅಲ್ಲಿಂದ 30 ದಿನ, ಕೇಂದ್ರ ಮಾಹಿತಿ ಆಯೋಗಕ್ಕೆ 90 ದಿನ.

ನಿರಾಕರಣೆಗೆ ಅವರು ಸಾಮಾನ್ಯವಾಗಿ ಹಿಡಿಯುವುದು 8ನೇ ಕಲಮಿನ ದೇಶದ ಭದ್ರತೆ, ನಡೆಯುತ್ತಿರುವ ತನಿಖೆ, ಇತರರ ಖಾಸಗಿ ಮಾಹಿತಿ ಎಂಬ ಕಾರಣಗಳನ್ನು. ಅದಕ್ಕೇ ಅರ್ಜಿಯಲ್ಲಿ "ಪೂರ್ತಿ ಕಡತ ಕೊಡಿ" ಎಂದಷ್ಟೇ ಬರೆಯುವ ಬದಲು ಹೀಗೆ ಬಿಡಿಸಿ ಕೇಳಿ: ಫೈಂಡಿಂಗ್ಸ್, ಒಪಿನಿಯನ್, ಡೈರೆಕ್ಷನ್ ಪುಟಗಳು, ಡ್ಯೂಟಿ ಕುರಿತ ಸಿಒ ಅಭಿಪ್ರಾಯ, ಗಾಯದ ವರದಿ, ಶವಪರೀಕ್ಷೆಯ ಪ್ರತಿ. ಜೊತೆಗೆ ಒಂದು ಸಾಲು ಸೇರಿಸಿ: "ಗೌಪ್ಯ ಭಾಗವಿದ್ದರೆ 10ನೇ ಕಲಂ ಪ್ರಕಾರ ಅದನ್ನು ಮರೆಮಾಡಿ ಉಳಿದದ್ದನ್ನು ಕೊಡಬೇಕು." ನೀವು ಮೃತರಿಗೆ ಏನಾಗಬೇಕು ಎಂಬ ದಾಖಲೆ ಲಗತ್ತಿಸಿ.

ಹಂತ 8: ಪಿಂಚಣಿಯ ವರ್ಗ

ಸೇನೆಯ ಸಾವು ಮತ್ತು ಅಂಗವೈಕಲ್ಯಗಳನ್ನು ಎ ಯಿಂದ ಇ ವರೆಗೆ ಐದು ವರ್ಗ ಮಾಡಿದ್ದಾರೆ. ಎ ಎಂದರೆ ಸೇವೆಗೆ ಸಂಬಂಧವಿಲ್ಲದ ಸಹಜ ಕಾರಣ. ಬಿ ಎಂದರೆ ಸೇವೆಯಿಂದ ಬಂದ ಅಥವಾ ಉಲ್ಬಣಿಸಿದ ಕಾಯಿಲೆ. ಸಿ ಎಂದರೆ ಡ್ಯೂಟಿಯ ಅಪಘಾತ: ವಾಹನ, ವಿಮಾನ, ಸಮುದ್ರ, ವಿದ್ಯುತ್ ಆಘಾತ, ತರಬೇತಿ, ಸಂಘಟಿತ ಕ್ರೀಡೆ, ಪರ್ವತಾರೋಹಣ ಎಲ್ಲವೂ. ಡಿ ಮತ್ತು ಇ ಭಯೋತ್ಪಾದಕ ದಾಳಿ, ಯುದ್ಧ, ಗಡಿ ಕಾರ್ಯಾಚರಣೆಯವು.

ಹಣದಲ್ಲಿ ಇದರ ವ್ಯತ್ಯಾಸ ದೊಡ್ಡದು. ಕೊನೆಯ ವೇತನ 45,000 ರೂಪಾಯಿ ಇತ್ತು ಎಂದು ಇಟ್ಟುಕೊಳ್ಳಿ. ಎ ವರ್ಗದಲ್ಲಿ ಸಾಮಾನ್ಯ ಕುಟುಂಬ ಪಿಂಚಣಿ: ಮೊದಲ 10 ವರ್ಷ ಶೇ 50, ಅಂದರೆ 22,500, ಆಮೇಲೆ ಶೇ 30, ಅಂದರೆ 13,500. ಬಿ, ಸಿ ವರ್ಗದಲ್ಲಿ ವಿಶೇಷ ಕುಟುಂಬ ಪಿಂಚಣಿ ಶೇ 60, ಅಂದರೆ 27,000. ಡಿ, ಇ ವರ್ಗದಲ್ಲಿ ಉದಾರೀಕೃತ ಕುಟುಂಬ ಪಿಂಚಣಿ ಪೂರ್ತಿ 45,000. ತುಟ್ಟಿಭತ್ಯೆ ಬೇರೆ. 2016ರ ಜನವರಿ 1ರಿಂದ ಜಾರಿಯಾದ ದರದಂತೆ ಡ್ಯೂಟಿಯ ಅಪಘಾತದ ಸಾವಿಗೆ ಕೇಂದ್ರದ ಎಕ್ಸ್‌ಗ್ರೇಷಿಯಾ ಎಂಬ ಒಂದೇ ಸಲದ ಪರಿಹಾರ ಧನ 25 ಲಕ್ಷ, ಶತ್ರು ದಾಳಿಯಲ್ಲಾದರೆ 45 ಲಕ್ಷ. ಸಾವನ್ನು ಎ ವರ್ಗಕ್ಕೆ ಹಾಕಿದರೆ ಈ 25 ಲಕ್ಷವೂ ಇಲ್ಲ.

ಹೆಚ್ಚು ಜಗಳವಾಗುವುದು ರಜೆಯ ಪ್ರಕರಣಗಳಲ್ಲಿ. ರಜೆಗೆ ಹೋಗುವ, ರಜೆಯಿಂದ ಮರಳುವ ಪ್ರಯಾಣವನ್ನು ಷರತ್ತಿನ ಮೇಲೆ ಡ್ಯೂಟಿ ಎಂದೇ ಎಣಿಸುತ್ತಾರೆ. ಸರ್ಕಾರಿ ಖರ್ಚಿನಲ್ಲಿ ಹೋಗಿರಲಿಲ್ಲ ಎಂಬ ಆಕ್ಷೇಪಕ್ಕೆ ಸುಪ್ರೀಂ ಕೋರ್ಟ್ 1999ರ ಮದನ್ ಸಿಂಗ್ ಶೇಖಾವತ್ ತೀರ್ಪಿನಲ್ಲಿ ಉತ್ತರ ಕೊಟ್ಟಿದೆ: ಸ್ವಂತ ಖರ್ಚಿನಲ್ಲಿ ರಜೆಗೆ ಊರಿಗೆ ಹೋಗುತ್ತಾ ರೈಲಿನಲ್ಲಿ ಗಾಯಗೊಂಡ ಸೈನಿಕನಿಗೆ ಪಿಂಚಣಿ ಸಿಕ್ಕಿತು. ಆದರೆ ಊರು ತಲುಪಿದ ಮೇಲೆ ಸ್ವಂತ ಕೆಲಸಕ್ಕೆ ಸ್ಕೂಟರ್ ಏರಿ ಬಿದ್ದದ್ದು ಬೇರೆ. 2011ರ ಜುಝಾರ್ ಸಿಂಗ್ ತೀರ್ಪು ಅದಕ್ಕೂ ಸೇವೆಗೂ ಸಂಬಂಧ ಇರಬೇಕು ಎಂದು ಕೇಳಿ, ಇಲ್ಲವೆಂದು ಅರ್ಜಿ ತಳ್ಳಿಹಾಕಿತು. ಮೊದಲ ಹಂತದಲ್ಲಿ ಆ ಟಿಕೆಟ್ಟಿಗಾಗಿ ಜೇಬು ಹುಡುಕಿ ಎಂದದ್ದು ಈ ಎರಡು ತೀರ್ಪುಗಳ ನಡುವಿನ ಅಂತರಕ್ಕಾಗಿ.

ಗಾಯಗೊಂಡು ಬದುಕುಳಿದವರಿಗೆ ಎಎಫ್‌ಎಂಎಸ್‌ಎಫ್-16 ಎಂಬ ವೈದ್ಯಕೀಯ ಮಂಡಳಿಯ ನಮೂನೆ ಮುಖ್ಯ. ಅದರಲ್ಲಿ ಅಂಗವೈಕಲ್ಯದ ಶೇಕಡಾವಾರು ಎಷ್ಟು, ಸೇವೆಯಿಂದ ಆದದ್ದೇ ಅಲ್ಲವೇ ಎಂಬ ಕಾಲಂಗಳನ್ನು ನೋಡದೆ ಮನೆಗೆ ಬರಬೇಡಿ. 2023ರ ಸೆಪ್ಟೆಂಬರ್ 21ರಿಂದ ಅರ್ಹತಾ ನಿಯಮಗಳು ಬದಲಾಗಿವೆ. ನಿಮ್ಮ ಪ್ರಕರಣ ಆ ದಿನಕ್ಕಿಂತ ಹಿಂದಿನದೋ ಮುಂದಿನದೋ ಎಂದು ಮೊದಲೇ ಗುರುತಿಸಿಕೊಳ್ಳಿ. ಹಳೆಯ ತೀರ್ಪುಗಳನ್ನು ಹೊಸ ಪ್ರಕರಣಕ್ಕೆ ಹಾಗೆಯೇ ಅಂಟಿಸಿ ಬರೆದ ಅರ್ಜಿಗಳು ನಿಲ್ಲುವುದು ಕಷ್ಟ.

ಕಾಗದ ಕಳಿಸುವುದು ರೆಕಾರ್ಡ್ ಆಫೀಸಿಗೆ. ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್), ಪ್ಯಾರಾಶೂಟ್ ರೆಜಿಮೆಂಟ್, ಪಯನೀರ್, ಸಿಎಂಪಿ (ಮಿಲಿಟರಿ ಪೊಲೀಸ್) ಇವುಗಳದು ಬೆಂಗಳೂರಿನಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿದೆ. ಮಂಜೂರಾತಿ ಪ್ರಯಾಗ್‌ರಾಜ್‌ನ ಪಿಸಿಡಿಎ ಎಂಬ ರಕ್ಷಣಾ ಪಿಂಚಣಿ ಲೆಕ್ಕಪತ್ರ ಕಚೇರಿಯ ಮೂಲಕ ಸ್ಪರ್ಶ್ ಎಂಬ ಪಿಂಚಣಿ ಪೋರ್ಟಲ್‌ನಲ್ಲಿ ಬರುತ್ತದೆ. ಅರ್ಜಿ ತುಂಬಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರು ಸಹಾಯ ಮಾಡುತ್ತಾರೆ, ದುಡ್ಡು ಕೊಟ್ಟು ಮಧ್ಯವರ್ತಿ ಹಿಡಿಯಬೇಕಾಗಿಲ್ಲ.

ಹಂತ 9: ನಿರಾಕರಿಸಿದರೆ

ನಿರಾಕರಣೆಯ ಪತ್ರದಲ್ಲಿ ಕಾರಣ ಒಂದೇ ಸಾಲು ಇರುತ್ತದೆ: "ಸೇವೆಗೆ ಸಂಬಂಧಿಸಿದ್ದಲ್ಲ." ಆ ಪತ್ರ ಕೈಗೆ ಬಂದ ದಿನಾಂಕವನ್ನು ಲಕೋಟೆ ಸಮೇತ ಇಟ್ಟುಕೊಳ್ಳಿ. ಅಲ್ಲಿಂದ 6 ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ತಿರಸ್ಕಾರವಾದರೆ ಎರಡನೆಯದು. ಮೇಲ್ಮನವಿಯಲ್ಲಿ ಕುಟುಂಬದ ಕಷ್ಟ ಬರೆಯಲು ಒಂದು ಪ್ಯಾರಾ ಸಾಕು. ಉಳಿದ ಜಾಗ ಎನ್‌ಕ್ವೈರಿಯ ಯಾವ ಪುಟದಲ್ಲಿ "ಡ್ಯೂಟಿಯಲ್ಲಿದ್ದರು" ಎಂದಿದೆ, ನಿರಾಕರಣೆ ಅದಕ್ಕೆ ಹೇಗೆ ವಿರುದ್ಧ ಎಂಬುದಕ್ಕೆ ಮೀಸಲಿಡಿ. ಎನ್‌ಕ್ವೈರಿಯೇ ವಿರುದ್ಧವಾಗಿದ್ದರೆ ಪೊಲೀಸ್ ಪಂಚನಾಮೆ, ಮೂವ್‌ಮೆಂಟ್ ಆರ್ಡರ್, ವಾಟ್ಸಾಪ್ ಸಂದೇಶಗಳು ಈಗ ಕೆಲಸಕ್ಕೆ ಬರುತ್ತವೆ.

ಕೊನೆಯ ದಾರಿ ಆರ್ಮ್‌ಡ್ ಫೋರ್ಸಸ್ ಟ್ರಿಬ್ಯುನಲ್, 2007ರ ಕಾಯ್ದೆಯಡಿ ಬಂದ ಸೇನಾ ನ್ಯಾಯಮಂಡಳಿ. ಕರ್ನಾಟಕದವರಿಗೆ ಕೊಚ್ಚಿ ಪೀಠ. ಸೈನಿಕ ಬದುಕಿಲ್ಲದಿದ್ದರೆ ವಾರಸುದಾರರೇ ಅರ್ಜಿ ಹಾಕಬಹುದು. ಅಂತಿಮ ಆದೇಶದಿಂದ 6 ತಿಂಗಳು ಗಡುವು. ಮೇಲ್ಮನವಿ ಕೊಟ್ಟು 6 ತಿಂಗಳಾದರೂ ಉತ್ತರವೇ ಇಲ್ಲದಿದ್ದರೂ ಹೋಗಬಹುದು. ತಡವಾಗಿದ್ದರೆ ವಿಳಂಬ ಮನ್ನಿಸುವ ಅರ್ಜಿಯನ್ನು ಜೊತೆಗೇ ಹಾಕಬೇಕು, ಕಾರಣವನ್ನು ದಿನಾಂಕವಾರು ಬರೆಯಬೇಕು. ಮೊದಲ ವಾರದಿಂದ ನೋಟ್‌ಬುಕ್ ಬರೆದಿಟ್ಟವರಿಗೆ ಅದನ್ನು ತುಂಬಲು ಒಂದು ಸಂಜೆ ಸಾಕು. ಬರೆಯದವರು ಫೋನಿನ ಕರೆ ಪಟ್ಟಿ, ಅಂಚೆ ರಸೀದಿ, ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಂಡು ದಿನಾಂಕಗಳನ್ನು ಮತ್ತೆ ಕಟ್ಟಿಕೊಳ್ಳಿ, ವಕೀಲರನ್ನು ಕಾಣುವ ಮುಂಚೆಯೇ.